ವಿಜಾಪುರಕ್ಕೆ ಒಂದು ದಿನ: ಯಾರೋ ಹಾಕಿಕೊಟ್ಟ ದಾರಿ

ಬೀಳಗಿ, ಮುಧೋಳ, ಜಮಖಂಡಿ ಕಡೆಯ ಮಂದಿ ಮೊದಲ ಸಲ ವಿಜಾಪುರ ನೋಡಲಿಕ್ಕೆ ಹೊರಟರೆ ಲೆಕ್ಕ ಒಂದೇ: ಬೆಳಗಿನ ಬಸ್ಸು, ಸಂಜೆಯ ಬಸ್ಸು, ನಡುವೆ ಸಿಕ್ಕಷ್ಟು ಊರು. ಬೀಳಗಿಯವರಾದರೆ ಕೊರ್ತಿ–ಕೊಲ್ಹಾರ ಸೇತುವೆ ದಾಟಿ, ದಕ್ಷಿಣದಿಂದ ಊರಿಗೆ ಬರುತ್ತಾರೆ. ಬಸ್ಸು ಅವರನ್ನು ಇಳಿಸುವುದು ಅರಕಿಲ್ಲೆಯ ಮಗ್ಗುಲಿಗೆ, ಅಂದರೆ ಆದಿಲಶಾಹಿ ಅರಮನೆಗಳು ಇದ್ದ ಜಾಗದ ಹತ್ತಿರಕ್ಕೇ. ಆದರೆ ಇಳಿದವರು ಅಲ್ಲಿ ನಿಲ್ಲುವುದಿಲ್ಲ. ಆಟೊ ಇಲ್ಲವೆ ಟಾಂಗಾ ಹಿಡಿದು ನೇರ ಪೂರ್ವಕ್ಕೆ, ಗೋಳಗುಮ್ಮಟಕ್ಕೆ ಹೋಗುತ್ತಾರೆ. ಅಲ್ಲಿ ಮೆಟ್ಟಿಲು ಹತ್ತಿ, ಕೂಗಿ, ಇಳಿದು, ಜುಮ್ಮಾ ಮಸೀದಿಯತ್ತ ಒಂದು ಸುತ್ತು ಹಾಕಿ, ಬಂದ ದಾರಿಯಲ್ಲೇ ಮರಳಿ ಬಾರಾ ಕಮಾನು ದಾಟಿ, ಬಿಸಿಲೇರಿ ಕಾಲು ಸೋತ ಹೊತ್ತಿಗೆ ಪಶ್ಚಿಮದ ಇಬ್ರಾಹಿಂ ರೋಜಾ ಮುಟ್ಟುತ್ತಾರೆ. ಕೆಲವರು ಮುಟ್ಟುವುದೂ ಇಲ್ಲ. ಈ ಕ್ರಮ ಎಷ್ಟು ರೂಢಿಯಾಗಿದೆಯೆಂದರೆ ಅದನ್ನು ಯಾರೂ ಹಾಕಿದ್ದಲ್ಲ, ಊರೇ ಹೀಗಿದೆ ಎಂದು ತೋರುತ್ತದೆ. ನನ್ನ ವಾದ ಬೇರೆ. ಈ ಕ್ರಮಕ್ಕೆ ಸುಮಾರು ನೂರನಲವತ್ತು ವರ್ಷದ ಇತಿಹಾಸವಿದೆ. ಅದನ್ನು ಹಾಕಿದವರು ರೈಲಿನಲ್ಲಿ ಬಂದ ಸಾಹೇಬರು. ದಕ್ಷಿಣದಿಂದ ರಸ್ತೆ ಹಿಡಿದು ಬರುವ ನಮ್ಮವರಿಗೆ ಅದು ಹೊಂದುವುದಿಲ್ಲ, ಊರಿನ ಕಥೆಗಂತೂ ಹೊಂದುವುದೇ ಇಲ್ಲ.

ರೈಲಿನಿಂದಲೇ ಶುರು ಮಾಡೋಣ. 1876–78ರ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ ಜನವನ್ನೂ ದನವನ್ನೂ ಕಳೆದುಕೊಂಡು ಹೈರಾಣಾಯಿತು. ಇನ್ನೊಂದು ಬರ ಬಂದರೆ ಕಾಳು ಸಾಗಿಸಲು ದಾರಿ ಬೇಕೆಂದು ಸರಕಾರ ಹಾಕಿಸಿದ ಹಳಿಗಳಲ್ಲಿ ಹೊಟಗಿ–ಗದಗ ಮಾರ್ಗವೂ ಒಂದು. ಸದರ್ನ್ ಮರಾಠಾ ರೈಲ್ವೆಯ ಈ ಮಾರ್ಗ 1884ರಲ್ಲಿ ತೆರೆಯಿತು. ವಿಜಾಪುರದ ನಿಲ್ದಾಣ ಬಂದದ್ದು ಕೋಟೆಗೋಡೆಯ ಪೂರ್ವಕ್ಕೆ, ಗೋಳಗುಮ್ಮಟದ ಆಚೆಗೆ. ಮರುವರ್ಷ, 1885ರಲ್ಲಿ, ಜಿಲ್ಲಾ ಕಚೇರಿ ಕಲಾದಗಿಯಿಂದ ವಿಜಾಪುರಕ್ಕೆ ಎದ್ದುಬಂತು. ಪಾಳುಬಿದ್ದ ಹಲವು ಮಹಲುಗಳು ಕಚೇರಿಗಳಾದವು, ಬಂಗಲೆಗಳಾದವು. ಗೋಳಗುಮ್ಮಟದ ಪಕ್ಕದ ಮಸೀದಿಯನ್ನು ಪ್ರವಾಸಿಗಳ ಬಂಗಲೆ ಮಾಡಿದರು, ಇನ್ನೊಂದು ಮಸೀದಿಯಲ್ಲಿ ಅಂಚೆ ಕಚೇರಿ ಕೂತಿತು. ಎರಡನ್ನೂ ಹೊರಗೆ ಹಾಕಿಸಿದ್ದು ತನ್ನ ಕೆಲಸವೆಂದು ವೈಸರಾಯ್ ಕರ್ಜನ್ 1904ರಲ್ಲಿ, ಪ್ರಾಚೀನ ಸ್ಮಾರಕಗಳ ಕಾಯಿದೆಯ ಮೇಲೆ ಮಾತಾಡುವಾಗ, ಹೆಮ್ಮೆಯಿಂದ ಹೇಳಿಕೊಂಡ. ಅಷ್ಟರಲ್ಲಿ ನೋಡುವ ಕ್ರಮ ಗಟ್ಟಿಯಾಗಿಬಿಟ್ಟಿತ್ತು. ರೈಲು ಇಳಿದವನ ಕಣ್ಣಿಗೆ ಮೊದಲು ಬೀಳುವುದು ಗೋಳಗುಮ್ಮಟ. ಅವನ ಹಾಸಿಗೆ ಬಿಚ್ಚುವುದೂ ಅದರ ಅಂಗಳದಲ್ಲೇ. ಬೆಳಿಗ್ಗೆ ಎದ್ದು ಅವನು ಬೇರೆ ಎಲ್ಲಿಗೆ ಹೋದಾನು? ಮುಂದೆ ಬಂದ ಕೈಪಿಡಿಗಳಿಗೆ ಇದೇ ದಾರಿ ಮಾದರಿಯಾಯಿತು. ಸ್ಮಾರಕಗಳನ್ನು ಅಳೆದು ಬರೆದ ಹೆನ್ರಿ ಕಸಿನ್ಸ್ ದೊಡ್ಡ ವಿದ್ವಾಂಸ. 1916ರಲ್ಲಿ ಬಂದ ಅವನ ವಿಜಾಪುರದ ಗ್ರಂಥವನ್ನು ಈಗಲೂ ಪಕ್ಕದಲ್ಲಿಟ್ಟುಕೊಳ್ಳದೆ ಈ ಊರಿನ ಬಗ್ಗೆ ಬರೆಯುವುದು ಕಷ್ಟ. ಆದರೂ ಅವನ ಓದುಗ ರೈಲಿನಲ್ಲಿ ಬರುವವನು. ನಮ್ಮ ಬಸ್ಸುಗಳು ಆ ನಿಲ್ದಾಣದ ಹತ್ತಿರಕ್ಕೂ ಹೋಗುವುದಿಲ್ಲ, ನಾವು ಮಾತ್ರ ಇನ್ನೂ ಆ ರೈಲಿನಿಂದಲೇ ಇಳಿಯುತ್ತಿದ್ದೇವೆ.

ದಾರಿಯಷ್ಟೇ ಅಲ್ಲ, ಕಣ್ಣೂ ಅವರದೇ. ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್ ಬರಹವಿದ್ದ, ಛಾಯಾಚಿತ್ರಗಳ ಭಾರೀ ಪುಸ್ತಕ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಇಂಗ್ಲೆಂಡಿನ ಓದಿದ ಮನೆತನಗಳ ಹುಡುಗರು ಆ ಕಾಲಕ್ಕೆ ರೋಮ್, ಫ್ಲಾರೆನ್ಸ್, ನೇಪಲ್ಸ್ ನೋಡಿ ಬಂದರಷ್ಟೇ ವಿದ್ಯೆ ಪೂರ್ತಿಯಾಯಿತೆಂದು ತಿಳಿಯುತ್ತಿದ್ದವರು. ಮೆಡಿಟರೇನಿಯನ್ ಕಡಲ ಸುತ್ತಿನ ಊರುಗಳೇ ಅವರಿಗೆ ಅಳತೆಗೋಲು. ಹಾಗಾಗಿ ಗೋಳಗುಮ್ಮಟದ ಬಗ್ಗೆ ಅವರು ಮೊದಲು ಕೇಳಿದ್ದು, ಇದು ರೋಮಿನ ಪ್ಯಾಂಥಿಯನ್ನಿಗಿಂತ ದೊಡ್ಡದೇ ಎಂದು. ನೆಲದ ವಿಸ್ತಾರದಲ್ಲಿ ದೊಡ್ಡದೇ: ಪ್ಯಾಂಥಿಯನ್ನಿನ ಒಳಗೆ 15,833 ಚದರ ಅಡಿ, ಇಲ್ಲಿ 18,225. ಈ ಒಂದು ಹೋಲಿಕೆಯಿಂದ ಹುಟ್ಟಿ, ಶಾಲೆಯ ಪುಸ್ತಕಗಳಿಂದ ಗೈಡುಗಳ ಬಾಯಿಗೆ ಬಂದು, ಈಗ ಅಳಿಸಲಾಗದಂತೆ ಕೂತಿರುವ ಮಾತು ‘ಜಗತ್ತಿನ ಎರಡನೆಯ ದೊಡ್ಡ ಗುಮ್ಮಟ’. ಲೆಕ್ಕ ಹಿಡಿದರೆ ಅದು ನಿಲ್ಲುವುದಿಲ್ಲ. ಒಳವ್ಯಾಸ ಇಲ್ಲಿ ಸುಮಾರು 38 ಮೀಟರ್. ಪ್ಯಾಂಥಿಯನ್ನಿನದು 43ಕ್ಕೂ ಮಿಕ್ಕು, ರೋಮಿನ ಸೇಂಟ್ ಪೀಟರ್ಸ್ ಇಗರ್ಜಿಯದು 41ಕ್ಕೂ ಮಿಕ್ಕು, ಫ್ಲಾರೆನ್ಸಿನದೂ ಇಲ್ಲಿಯದಕ್ಕಿಂತ ದೊಡ್ಡದು. ಇದರಿಂದ ಗೋಳಗುಮ್ಮಟ ಸಣ್ಣದಾಗುವುದಿಲ್ಲ. ಚೌಕ ಕೋಣೆಯ ಮೇಲೆ, ಒಂದನ್ನೊಂದು ಕತ್ತರಿಸುವ ಕಮಾನುಗಳ ಹೆಣಿಗೆಯಿಂದ, ನಡುವೆ ಒಂದು ಕಂಬವೂ ಇಲ್ಲದೆ ಆ ಭಾರ ನಿಲ್ಲಿಸಿದ್ದು ಕಟ್ಟಡ ಕಸುಬಿನ ಬಲು ದೊಡ್ಡ ಸಾಹಸ. ನನಗೆ ಕಾಣುವ ಕೊರತೆ ಒಂದೇ. ರೋಮಿನ ಜೊತೆ ಅಳೆಯಲು ಬಂದವನಿಗೆ ವಿಜಾಪುರದಲ್ಲಿ ಅಳೆಯಲು ಸಿಗುವುದು ಗುಮ್ಮಟ ಮಾತ್ರ. ಉಳಿದ ಊರು ಅದರ ನೆರಳಿಗೆ ಸರಿಯುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು: ಸಾಹೇಬರು ಬಿಡಿ, ಅಷ್ಟು ದೊಡ್ಡ ಕಟ್ಟಡ ಯಾವ ಕಾಲದಲ್ಲಿ ಯಾರು ಬಂದರೂ ಮೊದಲು ಕಾಣುವುದೇ ತಾನೆ? ನಿಜ, ಆದರೆ ಅದು ಇದ್ದ ಕಾಲ ಎಷ್ಟು ಎಂದು ನೋಡಬೇಕು. ಯೂಸುಫ್ ಆದಿಲ್ ಖಾನ್ ಬಹಮನಿಗಳಿಂದ ಬೇರೆಯಾದದ್ದು 1490ರ ಸುಮಾರಿಗೆ. ಔರಂಗಜೇಬನ ಕೈಗೆ ಊರು ಹೋದದ್ದು 1686ರಲ್ಲಿ. ಸುಮಾರು ಇನ್ನೂರು ವರ್ಷದ ಆ ರಾಜಧಾನಿಯಲ್ಲಿ ಮಹಮ್ಮದ್ ಆದಿಲ್‌ಶಾಹನ ಗೋರಿಯಾದ ಗೋಳಗುಮ್ಮಟ ಪೂರ್ತಿಯಾಗಿ ನಿಂತದ್ದು 1656ರಿಂದೀಚೆಗೆ, ಅಂದರೆ ಕೊನೆಯ ಮೂವತ್ತು ವರ್ಷ. ಮೊದಲು ಗೋಳಗುಮ್ಮಟಕ್ಕೆ ಹೋಗುವವನು ಪುಸ್ತಕದ ಕೊನೆಯ ಅಧ್ಯಾಯವನ್ನು ಮೊದಲು ಓದುತ್ತಾನೆ. ಊರು ಏರುಗಾಲದಲ್ಲಿದ್ದಾಗ ಮೊದಲ ಸಲ ಬಂದವನು ಏನು ನೋಡಿದ ಎಂಬುದಕ್ಕೆ ನಮ್ಮಲ್ಲಿ ಸಾಕ್ಷಿಯಿದೆ. 1604ರ ಸುಮಾರಿಗೆ ಅಕ್ಬರನ ದೂತನಾಗಿ ಅಸದ್ ಬೇಗ್ ಇಲ್ಲಿಗೆ ಬಂದ; ಇಲ್ಲಿನ ಅರಸ ಎರಡನೆಯ ಇಬ್ರಾಹಿಮನ ಮಗಳನ್ನು ಶಾಹಜಾದಾ ದಾನಿಯಾಲನಿಗೆ ಮದುವೆ ಮಾಡಿಕೊಡಲು ಕರೆದೊಯ್ಯುವುದು ಅವನ ಕೆಲಸ. ಅವನು ಬರೆದಿಟ್ಟದ್ದರಲ್ಲಿ ಎದ್ದು ಕಾಣುವುದು ಪೇಟೆ: ಮೂವತ್ತು ಗಜ ಅಗಲ, ಎರಡು ಕೋಸು ಉದ್ದ, ಪ್ರತಿ ಅಂಗಡಿಯ ಮುಂದೆ ಹಸಿರು ಗಿಡ, ಎಲ್ಲೆಲ್ಲೂ ಚೊಕ್ಕಟ. ಜವಾಹಿರದವರು, ಅರಿವೆಯವರು, ಆಯುಧದವರು, ರೊಟ್ಟಿ ಸುಡುವವರು, ಮದ್ಯದವರು, ಅತ್ತರಿನವರು ಸಾಲು ಸಾಲಾಗಿ ಕೂತಿದ್ದರು. ಅವನು ತಂಬಾಕನ್ನು ಕಂಡದ್ದೂ ವಿಜಾಪುರದಲ್ಲೇ. ಅಲ್ಲಿಂದ ಒಯ್ದು ಅಕ್ಬರನ ಮುಂದಿಟ್ಟ. (ಆಗ್ರಾದ ದರಬಾರಿಗೆ ಹೊಗೆಯ ಚಟ ಹತ್ತಿಸಿದ ಕೀರ್ತಿ ನಮ್ಮ ಸೀಮೆಗೆ ಸೇರಬೇಕೋ ಬೇಡವೋ, ಓದುಗರು ತೀರ್ಮಾನಿಸಲಿ.) ಅವನು ಗೋಳಗುಮ್ಮಟ ನೋಡಲಿಲ್ಲ ನಿಜ, ಅದು ಇರಲೇ ಇಲ್ಲ. ಆದರೆ ಅದಿಲ್ಲದೆಯೂ ಆ ಊರು ಮೊಗಲರ ದೂತನ ಕಣ್ಣರಳಿಸಿತ್ತು.

ಅಷ್ಟು ದೊಡ್ಡ ಪೇಟೆ, ಅಷ್ಟು ಗಿಡ, ಅಷ್ಟು ಜನ. ಇವರಿಗೆ ನೀರು ಎಲ್ಲಿಂದ? ವಿಜಾಪುರ ನದಿಯ ದಂಡೆಯ ಊರಲ್ಲ. ಕೃಷ್ಣೆ ದೂರ ದಕ್ಷಿಣಕ್ಕೆ, ಭೀಮೆ ಇನ್ನೂ ದೂರ ಉತ್ತರಕ್ಕೆ, ನಡುವಿನ ಡೋಣಿಯ ನೀರು ಉಪ್ಪು. ಎರೆಹೊಲದ ನಡುವೆ, ಮಳೆ ಕೈಕೊಡುವ ಸೀಮೆಯಲ್ಲಿ ರಾಜಧಾನಿ ಕಟ್ಟಿದವರು ಗುಮ್ಮಟಕ್ಕಿಂತ ಮೊದಲು ನೀರಿಗೆ ಬುದ್ಧಿ ಖರ್ಚು ಮಾಡಿದರು. ಒಂದನೆಯ ಅಲಿ ಆದಿಲ್‌ಶಾಹ 1565ರ ಹೊತ್ತಿಗೆ ಸುಮಾರು ಹತ್ತು ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆ ಮುಗಿಸಿದ. 1579ರಲ್ಲಿ ಶಹಾಪುರ ಅಗಸಿಯ ಹತ್ತಿರ ಚಾಂದ್ ಬಾವಡಿ ತೋಡಿಸಿದ. ಪಶ್ಚಿಮದ ತೊರವಿಯಿಂದ ನೆಲದೊಳಗೆ ಸುರಂಗ ಕೊರೆದು, ಅಲ್ಲಲ್ಲಿ ಗಾಳಿಬಾವಿ ಬಿಟ್ಟು, ಇಳಿಜಾರಿನ ಲೆಕ್ಕದಲ್ಲೇ ನೀರು ಊರಿಗೆ ಹರಿದುಬರುವಂತೆ ಮಾಡಿದ್ದರು. ಪರ್ಶಿಯಾದಿಂದ ಬಂದ ವಿದ್ಯೆ ಅದು. ಎರಡನೆಯ ಇಬ್ರಾಹಿಮನ ಕಾಲಕ್ಕೆ, 1620ರ ಸುಮಾರಿಗೆ, ಮೆಕ್ಕಾ ಅಗಸಿಯ ಒಳಗೆ ತಾಜ್ ಬಾವಡಿ ಎದ್ದಿತು. ಮಹಮ್ಮದ್ ಆದಿಲ್‌ಶಾಹ 1651ರಲ್ಲಿ ಊರ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿದ. ಅಲ್ಲಿಂದ ಮಣ್ಣಿನ ಕೊಳವೆಗಳು ನೆಲದಾಳದಲ್ಲಿ ಊರಿಗೆ ಬರುತ್ತವೆ. ದಾರಿಯಲ್ಲಿ ಗಂಜ್ ಎಂದು ಕರೆಯುವ ಎತ್ತರದ ಗೋಪುರಗಳು. ನೀರು ಅವುಗಳಲ್ಲಿ ಮೇಲೇರಿ ಇಳಿಯುವಾಗ ಒತ್ತಡ ತಗ್ಗುತ್ತದೆ, ಕೊಳವೆ ಒಡೆಯುವುದಿಲ್ಲ, ಕೆಸರು ತಳಕ್ಕೆ ಕೂರುತ್ತದೆ. ಕಾಲಕ್ರಮ ಗಮನಿಸಿ: ತನ್ನ ಗೋರಿಯ ಗುಮ್ಮಟ ಮುಗಿಯುವುದಕ್ಕೆ ಐದು ವರ್ಷ ಮೊದಲು ಆ ಅರಸ ಊರಿಗೆ ಕೆರೆ ಕೊಟ್ಟಿದ್ದ.

ನೀರಿನ ಮಾತು ಈ ಕಾಲದ ಚಿಂತೆ, ಅದನ್ನು ಹಳೆಯವರ ತಲೆಗೆ ಕಟ್ಟುತ್ತಿದ್ದೀರಿ ಎನ್ನುವವರೂ ಇರುತ್ತಾರೆ. ಅವರಿಗೆ 1665ರ ಚಳಿಗಾಲದ ಉತ್ತರವಿದೆ. ಮೊಗಲರ ಸೇನಾಪತಿ ಮಿರ್ಜಾರಾಜ ಜೈಸಿಂಗ್ ದಂಡು ಕಟ್ಟಿಕೊಂಡು ವಿಜಾಪುರದ ಹತ್ತು ಹನ್ನೆರಡು ಮೈಲಿ ಸನಿಹಕ್ಕೆ ಬಂದ. ಎರಡನೆಯ ಅಲಿ ಆದಿಲ್‌ಶಾಹ ನವರಸಪುರದ ಕೆರೆ, ಶಹಾಪುರದ ಕೆರೆ ಎರಡನ್ನೂ ಬರಿದು ಮಾಡಿಸಿದ, ಸುತ್ತಲ ಬಾವಿಗಳನ್ನು ಕೆಡಿಸಿದ, ಮರ ಕಡಿಸಿದ. ಜೈಸಿಂಗನಿಗೆ ಮುತ್ತಿಗೆಯ ತೋಪುಗಳೂ ಬಂದಿರಲಿಲ್ಲ, ಕುಡಿಯಲು ನೀರೂ ಇರಲಿಲ್ಲ. 1666ರ ಜನವರಿಯಲ್ಲಿ ದಂಡು ಹಿಂದೆ ತಿರುಗಿತು. ಹೊರಗಿನ ಕೆರೆ ಬರಿದಾದರೂ ಒಳಗಿನ ಬಾವಡಿಗಳು ತುಂಬಿದ್ದ ಊರಿಗೆ ಮಾತ್ರ ಇಂಥ ಧೈರ್ಯ ಬಂದೀತು. ಗೋಡೆಗಳಷ್ಟೇ ಆ ಬಾವಡಿಗಳೂ ಆ ವರ್ಷ ರಾಜ್ಯ ಉಳಿಸಿದವು ಎಂದರೆ ಉತ್ಪ್ರೇಕ್ಷೆಯಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ಪ್ರಾಮಾಣಿಕವಾದದ್ದು: ಒಡೆದ ಕೊಳವೆ, ಮುರಿದ ಗಂಜ್, ಪಾಚಿಗಟ್ಟಿದ ಬಾವಡಿ, ಇವುಗಳಲ್ಲಿ ನೋಡಲಿಕ್ಕೆ ಏನಿದೆ? ಚಂದವೆಂಬ ಅರ್ಥದಲ್ಲಿ ಹೆಚ್ಚೇನಿಲ್ಲ ಎಂದು ಒಪ್ಪುತ್ತೇನೆ, ತಾಜ್ ಬಾವಡಿಯ ಭವ್ಯವಾದ ಕಮಾನೊಂದನ್ನು ಬಿಟ್ಟು. ಆದರೆ ಬೀಳಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಊರು, ಹೊಲ, ಗುಡಿ ಬಿಟ್ಟು ಎದ್ದವರ ತಾಲ್ಲೂಕು ಅದು. ಇವತ್ತು ವಿಜಾಪುರದ ನಳಗಳಿಗೆ ಕೊಲ್ಹಾರದ ಬಳಿಯಿಂದ ಏರಿ ಹೋಗುವುದು ಅದೇ ಕೃಷ್ಣೆಯ ನೀರು. ಬರುವಾಗ ಸೇತುವೆಯ ಎರಡೂ ಮಗ್ಗುಲಿಗೆ ಕಂಡದ್ದು ಅದೇ. ಕೆರೆಯನ್ನು ಊರಿಗೆ ಕೂಡಿಸುವ ಮಣ್ಣಿನ ಕೊಳವೆಯ ಮುಂದೆ ನಿಂತಾಗ ಮುಂಬಯಿಯ ಪ್ರವಾಸಿಗೆ ಹೊಳೆಯದ್ದು ಇವರಿಗೆ ಹೊಳೆಯುತ್ತದೆ.

ಹಾಗೆ ನೋಡಿದರೆ ನಮ್ಮ ಕಡೆಯ ಜನ ವಿಜಾಪುರಕ್ಕೆ ನೋಡಲು ಹೋಗುವುದೇ ಹೊಸತು. 1885ರಿಂದ 1997ರ ಆಗಸ್ಟ್ 15ರಂದು ಬಾಗಲಕೋಟೆ ಬೇರೆ ಜಿಲ್ಲೆಯಾಗುವವರೆಗೆ, ನೂರಹನ್ನೆರಡು ವರ್ಷ, ಬೀಳಗಿಗೆ ವಿಜಾಪುರವೆಂದರೆ ಖಟ್ಲೆ, ಕಚೇರಿ, ದವಾಖಾನೆ, ಮದುವೆಯ ಜವಳಿ. ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ 1948ರವರೆಗೆ ಸಂಸ್ಥಾನಗಳು. ಆಮೇಲೆ ಅವೂ ವಿಜಾಪುರ ಜಿಲ್ಲೆಗೆ ಸೇರಿದವು. ಕೋರ್ಟಿನ ತಾರೀಖಿಗೆ ಹೋದವರು ಬಾರಾ ಕಮಾನಿನ ಮುಂದೆ ನೂರು ಸಲ ಹಾಯ್ದಿರುತ್ತಾರೆ, ಒಳಗೆ ಕಾಲಿಟ್ಟಿರುವುದಿಲ್ಲ. ಕೆಲಸದ ಊರು ನೋಡುವ ಊರಾದದ್ದು ಕಚೇರಿಗಳು ಬಾಗಲಕೋಟೆಯ ನವನಗರಕ್ಕೆ ಬಂದ ಮೇಲೆ. ಹೀಗಾಗಿ ನಮಗೆ ನಮ್ಮದೇ ಆದ ನೋಡುವ ಕ್ರಮ ಬೆಳೆಯಲಿಲ್ಲ. ಬೇಕಾದಾಗ ಕೈಗೆ ಸಿಕ್ಕದ್ದು ರೈಲಿನವರ ಪಟ್ಟಿ. ಮುಧೋಳದವರಿಗಂತೂ ಈ ಊರು ಪರಕೀಯವಲ್ಲ. ಅಲ್ಲಿನ ಘೋರ್ಪಡೆ ಮನೆತನ ಆದಿಲಶಾಹಿಯ ಸೇವೆಯಲ್ಲಿತ್ತು. 1648ರಲ್ಲಿ ಶಿವಾಜಿಯ ತಂದೆ ಶಹಾಜಿಯನ್ನು ಜಿಂಜಿಯ ಬಳಿ ಸೆರೆಹಿಡಿದವನು ಬಾಜಿ ಘೋರ್ಪಡೆ.

ಹಾಗಾದರೆ ಒಂದೇ ದಿನವಿರುವವನು ಏನು ಮಾಡಬೇಕು? ಸ್ವಂತ ಗಾಡಿಯಿದ್ದರೆ ಊರು ಹೊಗುವ ಮುಂಚೆ ದಕ್ಷಿಣದ ಬೇಗಂ ತಲಾಬಿನ ಏರಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಬಸ್ಸಿನವರು ಅದನ್ನು ಬಿಟ್ಟರೂ ನಡೆದೀತು. ಅವರಿಗೆ ಇಳಿದ ಜಾಗವೇ ವರ. ಆಟೊದವರ ಕರೆಗೆ ಓಗೊಡದೆ ಅರಕಿಲ್ಲೆಯೊಳಗೆ ನಡೆದರೆ ಮೊದಲು ಕರೀಮುದ್ದೀನನ ಮಸೀದಿ ಸಿಗುತ್ತದೆ. ಆದಿಲಶಾಹಿಗಳಿಗಿಂತ ನೂರಎಪ್ಪತ್ತು ವರ್ಷ ಹಳೆಯದು, 1320ರದು. ಹಳೆಯ ಗುಡಿಗಳ ಕಂಬಗಳಿಂದ ಎದ್ದ ಕಟ್ಟಡ. ಅಲ್ಲಿನ ಶಾಸನ ಕಟ್ಟಿದವನ ಹೆಸರನ್ನೂ ಹೇಳುತ್ತದೆ: ಸಾಲೋಟಗಿಯ ಬಡಗಿ ರೇವಯ್ಯ. ಅರಸರ ಹೆಸರಿನ ಊರಿನಲ್ಲಿ ಇಂಡಿ ತಾಲ್ಲೂಕಿನ ಕಸುಬುದಾರನೊಬ್ಬನ ಹೆಸರಿನಿಂದ ದಿನ ಆರಂಭಿಸುವುದು ನನಗೆ ಸರಿಯೆನಿಸುತ್ತದೆ. ಅಲ್ಲಿಂದ 1561ರ ಗಗನ್ ಮಹಲ್ ನೋಡಿ, ನೇರ ಪಶ್ಚಿಮಕ್ಕೆ ತಾಜ್ ಬಾವಡಿ, ಅದನ್ನು ದಾಟಿ ಇಬ್ರಾಹಿಂ ರೋಜಾ. ಬಿಸಿಲೇರುವ ಮುಂಚೆ ಇಲ್ಲಿಗೆ ಬಂದಿರಬೇಕು, ಯಾಕೆಂದರೆ ಇಲ್ಲಿ ಅವಸರ ನಡೆಯದು. ಕಲ್ಲಿನ ಜಾಲಿಯಲ್ಲಿ ಅಕ್ಷರಗಳನ್ನೇ ಕಿಟಕಿಯಾಗಿ ಕೊರೆದ ಕೈಗಳ ಕೆಲಸ ಅದು. ಮುಗಿದದ್ದು 1626ರಲ್ಲಿ, ಮೇಸ್ತ್ರಿ ಮಲಿಕ್ ಸಂದಲ್, ಖರ್ಚು ಒಂದೂವರೆ ಲಕ್ಷ ಹೊನ್ನಿಗೂ ಮೇಲೆಂದು ಶಾಸನವೇ ಲೆಕ್ಕ ಕೊಡುತ್ತದೆ. ಸರಸ್ವತಿಯನ್ನು ನೆನೆದು ಕಿತಾಬ್-ಎ-ನವರಸ್ ಬರೆದ ಅರಸ ಎರಡನೆಯ ಇಬ್ರಾಹಿಂ ಮಲಗಿರುವ ಜಾಗ ಇದು. ದೊಡ್ಡದಲ್ಲ, ಆದರೆ ಈ ಊರು ಏನಾಗಬಯಸಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಹಿಂದಿರುಗುವಾಗ ಪಶ್ಚಿಮದ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದನಗರದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿ ಎಂಬ ತುರ್ಕಿ ಸೀಮೆಯ ಎರಕದವನು ಎರೆದದ್ದು, ತೂಕ ಸುಮಾರು 55 ಟನ್. ಮೆಡಿಟರೇನಿಯನ್ ಜೊತೆ ವಿಜಾಪುರಕ್ಕೆ ನಿಜವಾದ ನಂಟಿದ್ದರೆ ಅದು ಪ್ಯಾಂಥಿಯನ್ನಿನ ಹೋಲಿಕೆಯಲ್ಲಿಲ್ಲ, ಇಂಥ ಕೆಲಸಗಾರರ ಓಡಾಟದಲ್ಲಿದೆ. ಯೂಸುಫ್ ಆದಿಲ್ ಖಾನನೇ ತುರ್ಕಿಯ ಸುಲ್ತಾನ ಎರಡನೆಯ ಮುರಾದನ ಮಗನೆಂದು ಇತಿಹಾಸಕಾರ ಫೆರಿಶ್ತಾ ಬರೆದ; ಕೊಲೆಯಿಂದ ತಪ್ಪಿಸಲು ತಾಯಿ ಮಗುವನ್ನು ವ್ಯಾಪಾರಿಯ ಕೈಗೆ ಕೊಟ್ಟು ಕಳಿಸಿದಳೆಂಬ ಕಥೆ. ಅವನು ಬರೆದದ್ದು ಅದೇ ವಂಶದ ಆಸ್ಥಾನದಲ್ಲಿ ಕೂತು, ನೂರು ವರ್ಷಗಳ ಮೇಲೆ. ಇಂದಿನ ಇತಿಹಾಸಕಾರರು ನಂಬುವುದಿಲ್ಲ. ನಂಬದಿದ್ದರೂ, ಎರೆಸೀಮೆಯ ಅರಸು ಮನೆತನವೊಂದು ತನ್ನ ಬೇರನ್ನು ಅಷ್ಟು ದೂರದ ಕಡಲಿನ ದಂಡೆಯಲ್ಲಿ ಕಾಣಬಯಸಿತ್ತು ಎಂಬುದು ಕಥೆಗಿಂತ ಕಡಿಮೆ ಸ್ವಾರಸ್ಯದ್ದಲ್ಲ. ಈ ತೋಪನ್ನು 1854ರಲ್ಲಿ ಹಳೆ ಲೋಹವೆಂದು ಹರಾಜಿಗಿಟ್ಟಾಗ ಬಂದ ಹೆಚ್ಚಿನ ಸವಾಲು ನೂರೈವತ್ತು ರೂಪಾಯಿ. ಅಧಿಕಾರಿಯೊಬ್ಬನಿಗೆ ಬೆಲೆ ತೀರಾ ಕಡಿಮೆಯೆನಿಸಿ ಮಾರಾಟ ನಿಂತಿತು. ಇಂದಿನ ನೋಡಬೇಕಾದ ಪಟ್ಟಿಯಲ್ಲಿ ಎಷ್ಟೋ ಹೆಸರುಗಳು ಉಳಿದಿರುವುದು ಇಂಥ ಆಕಸ್ಮಿಕಗಳಿಂದ.

ಗೋಳಗುಮ್ಮಟವನ್ನು ಕೊನೆಗೆ ಇಟ್ಟುಕೊಳ್ಳಿ ಎನ್ನುವುದಕ್ಕೆ ಬಲವಾದ ಆಕ್ಷೇಪ ಇತಿಹಾಸದ್ದಲ್ಲ, ಕಿವಿಯದು. ಪಿಸುಮಾತಿನ ಸುತ್ತುಮಾಳಿಗೆ ಬೆಳಿಗ್ಗೆ ಬೇಗ ಹೋದರೆ ಮಾತ್ರ ಪಿಸುಗುಟ್ಟುತ್ತದೆ. ಶಾಲೆಯ ಪ್ರವಾಸದ ಮಕ್ಕಳು ಬಂದ ಮೇಲೆ ಅಲ್ಲಿ ಕೇಳುವುದು ಗದ್ದಲವೊಂದೇ. ಈ ಮಾತು ಒಪ್ಪತಕ್ಕದ್ದು. ಪ್ರತಿಧ್ವನಿಗಾಗಿಯೇ ಬರುವವರು, ಚಿಕ್ಕ ಮಕ್ಕಳನ್ನು ಕರೆತರುವವರು, ಮೊದಲು ಅಲ್ಲಿಗೇ ಹೋಗಲಿ. ಆದರೆ ಅದು ಅರಸನ ಗೋರಿ. ದನಿಯ ಆಟ ಗುಮ್ಮಟದ ಬಾಗಿನಿಂದ ತಾನಾಗಿ ಹುಟ್ಟಿದ್ದು. ಇಳಿಹೊತ್ತಿನಲ್ಲಿ ಹೋಗುವವನಿಗೆ ಬೇರೆ ಲಾಭವಿದೆ. ಮೂಲೆಯ ಏಳಂತಸ್ತಿನ ಮಿನಾರು ಹತ್ತಿ ಹೊರಗಿನ ಹಾದಿಗೆ ಬಂದರೆ ಇಡೀ ಊರು ಪಶ್ಚಿಮಕ್ಕೆ ಹರಡಿರುತ್ತದೆ: ಬೆಳಿಗ್ಗೆ ನಡೆದ ಅರಕಿಲ್ಲೆ, ಬಾರಾ ಕಮಾನಿನ ಅರ್ಧ ಎದ್ದ ಕಮಾನುಗಳು, ಗೋಡೆಯಾಚೆಗೆ ರೋಜಾದ ಮಿನಾರುಗಳು. ನಡೆದು ಬಂದವನಿಗೆ ಪ್ರತಿಯೊಂದಕ್ಕೂ ಹೆಸರಿರುತ್ತದೆ. ಬೆಳಿಗ್ಗೆಯೇ ಹತ್ತಿದವನಿಗೆ ಅದು ಬರೀ ಮಾಳಿಗೆಗಳ ರಾಶಿ. ಕೆಳಗೆ ನಗಾರಖಾನೆಯಲ್ಲಿ 1892ರಲ್ಲಿ ಶುರುವಾದ ವಸ್ತುಸಂಗ್ರಹಾಲಯವಿದೆ, ಶುಕ್ರವಾರ ಮುಚ್ಚಿರುತ್ತದೆ; ಅದನ್ನು ನೋಡಿಕೊಂಡು ದಿನ ಆರಿಸಬೇಕು. ಹೊತ್ತು ಸಾಲದಿದ್ದರೆ ಜುಮ್ಮಾ ಮಸೀದಿ, ಆಸಾರ್ ಮಹಲ್ ಬಿಡಬಹುದು. ನೆರೆಯಲ್ಲೇ ಇರುವ ಮೆಹತರ್ ಮಹಲಿನ ಬಾಲ್ಕನಿಯ ಮರಗೆಲಸದಂಥ ಕಲ್ಲಿನ ಕೆತ್ತನೆಯನ್ನು ಮಾತ್ರ ದಾರಿಯಲ್ಲಿ ತಲೆಯೆತ್ತಿಯಾದರೂ ನೋಡಿ ಹೋಗಬೇಕು. ತೊರವಿಯನ್ನು ಈ ದಿನದ ಲೆಕ್ಕದಲ್ಲಿ ತುರುಕುವುದು ಬೇಡ. ಕುಮಾರವಾಲ್ಮೀಕಿಯ ನರಸಿಂಹನ ಗುಡಿ, ನೀರಿನ ಸುರಂಗದ ಬಾಯಿ, ಇಬ್ರಾಹಿಂ 1599ರಲ್ಲಿ ಕಟ್ಟಲು ಹೊರಟು 1624ರಲ್ಲಿ ಅಹಮದನಗರದ ಮಲಿಕ್ ಅಂಬರನ ದಂಡು ಹಾಳುಗೆಡವಿದ ನವರಸಪುರ, ಇವಿಷ್ಟಕ್ಕೇ ಎರಡನೆಯ ಸಲದ ಒಂದು ಪೂರ್ತಿ ದಿನ ಬೇಕು.